ಕೇಳದೆ ಬಂದ ಬೇರುಗಳು

ನನ್ನ ಹೆಸರು ನಾಗವೇಣಿ. ಹೆಸರಿಟ್ಟ ದಿನ ನನ್ನ ತಲೆತುಂಬ ಕೂದಲಿತ್ತಂತೆ, ಹಾಗಾಗಿ ಅವ್ವನದೇನೂ ತಪ್ಪಿಲ್ಲ. ಒಂಬತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅವ್ವ ದುಡಿಯುತ್ತಿದ್ದ ಮಂಡಕ್ಕಿ ಭಟ್ಟಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಒಲೆಯ ಮೇಲೆ ಬಾಣಲೆಯಲ್ಲಿ ಮರಳು ಕಾಯುತ್ತಿತ್ತು. ನಾನು ಪಕ್ಕದಲ್ಲಿ ಬಗ್ಗಿ ಬುತ್ತಿಯ ಗಂಟು ಬಿಚ್ಚುತ್ತಿದ್ದಾಗ ಬಾಣಲೆಯ ಕಿವಿ ಕಿತ್ತುಬಂದು ಮರಳು ನನ್ನ ಮೇಲೆ ಸುರಿಯಿತು. ಮುಖಕ್ಕೆ ಏನೂ ಆಗಲಿಲ್ಲ. ಎಡಗಿವಿಯ ಮೇಲಿನಿಂದ ನೆತ್ತಿಯವರೆಗೆ ಅಂಗೈಯಗಲದ ಜಾಗ ಸುಟ್ಟುಹೋಯಿತು. ಗಾಯ ಮಾಯ್ದ ಮೇಲೆ ಅಲ್ಲಿ ಉಳಿದದ್ದು ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ, ಹೊಳೆಯುವ ಚರ್ಮ. ಅದರಲ್ಲಿ ಒಂದೇ ಒಂದು ಕೂದಲು ಹುಟ್ಟಲಿಲ್ಲ.

ಬೇರೆ ಊರುಗಳಲ್ಲಿ ಇಂಥವರಿಗೆ ಅವರ ತಲೆಯ ಹಿಂಭಾಗದಿಂದಲೇ ಕೂದಲಿನ ಬೇರು ತೆಗೆದು ಬೋಳಾದ ಕಡೆ ನೆಡುತ್ತಾರಂತೆ. ನಮ್ಮೂರಲ್ಲಿ ಅದು ಹಿಡಿಯುವುದಿಲ್ಲ. ಇಲ್ಲಿ ಇನ್ನೊಬ್ಬರು ಕೊಟ್ಟರೆ ಮಾತ್ರ ಹಿಡಿಯುತ್ತದೆ. ಹಾಗೆಂದು ಕೇಳುವಂತಿಲ್ಲ. ಕೇಳಿ ಪಡೆದ ಕೂದಲು ಒಂದು ತಿಂಗಳಿಗೆ ಉದುರಿದರೆ ಮತ್ತೆ ಬರುವುದಿಲ್ಲ. ಕೊಟ್ಟವರ ತಲೆಯಲ್ಲೂ ಆ ಜಾಗ ಖಾಲಿ, ಪಡೆದವರ ತಲೆಯಲ್ಲೂ ಖಾಲಿ.

ಇದಕ್ಕೆ ಜನ ತಮ್ಮ ನಡವಳಿಕೆಯನ್ನು ಹೊಂದಿಸಿಕೊಂಡಿದ್ದಾರೆ. ನಮ್ಮೂರಲ್ಲಿ ಯಾರೂ ಯಾರ ಕೂದಲನ್ನೂ ಹೊಗಳುವುದಿಲ್ಲ. ಅದು ಕೈಯೊಡ್ಡಿದ ಹಾಗೆ. ಬೋಳುತಲೆಯವರು ದಟ್ಟ ಕೂದಲಿನವರ ಜೊತೆ ಮಾತಾಡುವಾಗ ಅವರ ಹುಬ್ಬಿನಿಂದ ಮೇಲಕ್ಕೆ ನೋಡುವುದಿಲ್ಲ. ಪುಟ್ಟರುದ್ರಯ್ಯ ಎಂಬ ಮೇಷ್ಟ್ರು ಒಂದು ತಿಂಗಳು ದಿನವೂ ಭಾವಮೈದುನನ ಮನೆಗೆ ಹೋಗಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಈ ಸಲ ಬಿಸಿಲು ಬಹಳ ಎನ್ನುವುದೊಂದೇ ಮಾತಾಡಿ ಎದ್ದು ಬರುತ್ತಿದ್ದರು. ಭಾವಮೈದುನ ತಡೆಯಲಾರದೆ ಕೊಟ್ಟ. ಹಿಡಿಯಲಿಲ್ಲ. ಬಿಸಿಲಿನ ಮಾತೂ ಕೇಳಿದ ಲೆಕ್ಕಕ್ಕೇ ಸೇರಿತು.

ನನಗೆ ಹತ್ತು ತುಂಬಿದ ವರ್ಷ ಅವ್ವ ನನ್ನನ್ನು ಆಗಿನ ಹಿರಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಅದಕ್ಕೆ ಒಂದು ವಾರ ಮೊದಲು ಶಾಲೆಯಲ್ಲಿ ಯಾರೋ ಆಡಿಕೊಂಡರೆಂದು ನಾನು ಅವ್ವನ ಸೆರಗು ಹಿಡಿದು, "ನಿನ್ ಕೂದ್ಲು ಕೊಡವ್ವಾ" ಎಂದು ಅತ್ತಿದ್ದೆ. ಮಗು ಕೇಳಿದ್ದು ಲೆಕ್ಕಕ್ಕಿಲ್ಲ ಎಂದು ಓಣಿಯವರೆಲ್ಲ ಧೈರ್ಯ ಹೇಳಿದರು. ಆಗೆಲ್ಲ ಬೇರುಗಳನ್ನು ಒಂದೊಂದಾಗಿ ತೆಗೆಯುತ್ತಿರಲಿಲ್ಲ. ಅವ್ವನ ತಲೆಯ ಹಿಂದೆ ಈ ಕಿವಿಯಿಂದ ಆ ಕಿವಿಯವರೆಗೆ ಬೆರಳಗಲದ ಚರ್ಮದ ಪಟ್ಟಿಯನ್ನೇ ಕೊಯ್ದು ತೆಗೆದು, ಎರಡೂ ಅಂಚುಗಳನ್ನು ಎಳೆದು ಹೊಲಿದರು. ಆ ಪಟ್ಟಿಯನ್ನು ಸಣ್ಣಗೆ ಸೀಳಿ ನನಗೆ ನೆಟ್ಟರು. ತಿಂಗಳಿಗೆ ಎಲ್ಲ ಉದುರಿತು. ನಾಲ್ಕನೇ ತಿಂಗಳು ಬಂತು, ಆರನೆಯದು ಬಂತು, ವರ್ಷವಾಯಿತು. ಏನೂ ಬರಲಿಲ್ಲ. ಅವ್ವ ಭಟ್ಟಿಯ ಕೆಲಸಕ್ಕೆ ಹೋಗುವಾಗ ತಲೆಯ ಮೇಲೆ ಸೆರಗು ಹೊದೆಯುವುದನ್ನು ರೂಢಿ ಮಾಡಿಕೊಂಡಳು, ನನಗೂ ಒಂದು ಹತ್ತಿಯ ವಸ್ತ್ರ ಕಟ್ಟಿಕೊಳ್ಳುವುದನ್ನು ಕಲಿಸಿದಳು. ಅಂದಿನಿಂದ ನಾನು ಯಾರನ್ನೂ ಏನನ್ನೂ ಕೇಳದವಳಾದೆ. ಊಟಕ್ಕೆ ಕೂತರೆ ಇನ್ನೊಂದು ಸೌಟು ಸಾರು ಬೇಕೆಂದೂ ಕೇಳುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ನಾನೂ ಭಟ್ಟಿಗೆ ಸೇರಿದೆ. ಹುರಿದ ಮಂಡಕ್ಕಿಯಲ್ಲಿ ಉಳಿದ ನೆಲ್ಲು ಆರಿಸುವುದು ನನ್ನ ಕೆಲಸ. ಹಿರಿಯ ಡಾಕ್ಟರು ತೀರಿಕೊಂಡ ಮೇಲೆ ಆ ಆಸ್ಪತ್ರೆಗೆ ಬಂದ ಡಾಕ್ಟರ್ ಇಂದುಮತಿಯವರು ಒಂದು ದಿನ ಮಂಡಕ್ಕಿ ಕೊಳ್ಳಲು ಬಂದವರು ನನ್ನ ಬೆರಳುಗಳನ್ನೇ ನೋಡುತ್ತ ನಿಂತರು. "ನಾಳೆಯಿಂದ ನನ್ನ ಹತ್ರ ಬಾ" ಎಂದರು. ಹೋದೆ. ಆಗ ನನಗೆ ಹತ್ತೊಂಬತ್ತು. ಇಪ್ಪತ್ತೆರಡು ವರ್ಷ ಅವರ ಆಪರೇಷನ್ ಕೋಣೆಯ ಮೂಲೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತೆ.

ಮೇಡಂ ಹೊಸ ವಿಧಾನದವರು. ಅವರ ಕೈಯಲ್ಲಿ ಪಂಚ್ ಎನ್ನುವ ಟೊಳ್ಳು ಸಲಕರಣೆ ಇರುತ್ತಿತ್ತು. ಅದರ ಹರಿತವಾದ ದುಂಡು ಬಾಯಿ ರಾಗಿ ಕಾಳಿಗಿಂತ ಸಣ್ಣದು. ಕೊಡುವವರ ತಲೆಯ ಹಿಂದೆ ಒಂದು ಕೂದಲಿನ ಸುತ್ತ ಅದನ್ನಿಟ್ಟು ತಿರುಗಿಸಿ, ಚರ್ಮ ಸಡಿಲವಾದ ಮೇಲೆ ಚಿಮುಟದಿಂದ ಬೇರು ಸಮೇತ ಎತ್ತುತ್ತಿದ್ದರು. ಎತ್ತಿದ್ದನ್ನು ನಾನು ತಣ್ಣನೆಯ ಸಲೈನಿನ ಗಾಜಿನ ತಟ್ಟೆಯಲ್ಲಿ ಇಳಿಸಿಕೊಂಡು ವಿಂಗಡಿಸುತ್ತಿದ್ದೆ. ಒಂದೇ ಬೇರಿನಲ್ಲಿ ಒಮ್ಮೆ ಒಂದು ಕೂದಲು, ಒಮ್ಮೆ ಎರಡು, ಒಮ್ಮೆ ಮೂರು ಇರುತ್ತವೆ. ಒಂಟಿಯವು ಹಣೆಯ ಅಂಚಿಗೆ, ಉಳಿದವು ಹಿಂದಕ್ಕೆ. ಬುಡದ ಗೆಡ್ಡೆಯನ್ನು ಚಿಮುಟದಿಂದ ಹಿಡಿಯಬಾರದು, ಒಣಗಲು ಬಿಡಬಾರದು. ಈ ಎರಡು ತಪ್ಪುಗಳನ್ನು ನಾನು ಮೊದಲ ತಿಂಗಳಲ್ಲೇ ಬಿಟ್ಟೆ.

ಎಷ್ಟು ಜನರ ಬೇರುಗಳು ನನ್ನ ಕೈಮೇಲೆ ಹೋದವೋ. ಗೆಳೆಯನಿಗೆ ಕೊಡಲು ಬಂದ ಗೆಳೆಯ, ಮೂವತ್ತು ವರ್ಷದ ಹಿಂದೆ ಪಾಠ ಹೇಳಿದ ಟೀಚರಿಗೆ ಕೊಟ್ಟ ಬಸ್ ಕಂಡಕ್ಟರ್, ಸೊಸೆಗೆ ಕೊಟ್ಟ ಅತ್ತೆ. ಕೊಡುವವರ ಮುಖ ನೋಡುವುದೆಂದರೆ ನನಗೆ ಇಷ್ಟ. ವಸ್ತ್ರ ಕಟ್ಟಿದ ನನ್ನ ತಲೆಯನ್ನು ಮಾತ್ರ ಅವರ ಕಣ್ಣಿಗೆ ಬೀಳದ ಹಾಗೆ ಮೂಲೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ.

ನನಗೆ ನಲವತ್ತೊಂದು ತುಂಬಿದ ವರ್ಷ, ಒಂದು ಗುರುವಾರ, ಊಟದ ಹೊತ್ತಿನಲ್ಲಿ ಮೇಡಂ, ನಾನು ಮತ್ತು ನರ್ಸ್ ಜೈಬು ಹಿಂದಿನ ಜಗಲಿಯಲ್ಲಿ ಕೂತಿದ್ದೆವು. ಜೈಬು ಡಬ್ಬಿ ತೊಳೆಯಲು ಎದ್ದುಹೋದಳು. ಮೇಡಂ ಮೊಸರನ್ನ ಕಲಸುತ್ತ, ತಲೆ ಎತ್ತದೆ, "ನಾಗವೇಣಿ, ನನ್ನ ಕೂದಲು ನಿನಗೆ ಕೊಡ್ತೀನಿ" ಎಂದರು.

"ನಾನು ಕೇಳ್ಲಿಲ್ಲ ಮೇಡಂ" ಎಂದೆ. ಬಾಯಿಗೆ ಮೊದಲು ಬಂದದ್ದೇ ಅದು.

"ಗೊತ್ತು. ಆ ಉಪ್ಪಿನಕಾಯಿ ಇತ್ಲಾಗೆ ಕೊಡು."

ಉಪ್ಪಿನಕಾಯಿ ದಾಟಿಸುವಾಗ ಅದರ ಎಣ್ಣೆ ನೆಲಕ್ಕೆ ಚೆಲ್ಲಿತು. ಅವರು ಅದನ್ನೂ ನೋಡದವರ ಹಾಗೆ ಊಟ ಮುಗಿಸಿದರು. ಕೈ ತೊಳೆದು ಬಂದು ನನ್ನ ಮುಂದೆ ನಿಂತರು. "ಒಂದು ತೊಂದರೆ ಇದೆ. ಈ ಊರಲ್ಲಿ ಪಂಚ್ ಹಿಡಿಯೋಳು ನಾನೊಬ್ಬಳೇ. ನನ್ನ ತಲೆ ಹಿಂದಕ್ಕೆ ನನ್ನ ಕೈ ಹೋಗಲ್ಲ. ನೀನೇ ತೆಗೀಬೇಕು."

"ನಾನಾ? ನನಗೆ ಬರಲ್ಲ ಮೇಡಂ."

"ಇಪ್ಪತ್ತೆರಡು ವರ್ಷ ನೋಡಿದೀಯ. ಕೈಗೆ ಕಲಿಸೋಣ."

ಎರಡು ತಿಂಗಳು ಕಲಿಸಿದರು. ದಿನದ ಕೆಲಸ ಮುಗಿದ ಮೇಲೆ ಜೈಬು ಮಟನ್ ಅಂಗಡಿಯಿಂದ ಮೇಕೆಯ ಚರ್ಮದ ತುಂಡು ತಂದು ಹಲಗೆಗೆ ಮೊಳೆ ಹೊಡೆದು ಬಿಗಿಯುತ್ತಿದ್ದಳು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ನಾನು ಪಂಚ್ ಹಿಡಿಯುತ್ತಿದ್ದೆ. ಮೊದಮೊದಲು ಹತ್ತರಲ್ಲಿ ಎಂಟು ಬೇರು ನಡುವೆಯೇ ತುಂಡಾಗುತ್ತಿದ್ದವು. "ಹೆದರ್ಬೇಡ ಕಣಕ್ಕಾ, ಈ ಮೇಕೆಗೆ ಇನ್ನು ಯಾವ ನೋವೂ ಇಲ್ಲ" ಎಂದು ಜೈಬು ನಗಿಸುತ್ತಿದ್ದಳು. ಕೂದಲು ಚರ್ಮದ ಮೇಲೆ ಒಂದು ದಿಕ್ಕಿಗೆ ಬಾಗಿದ್ದರೆ ಒಳಗೆ ಇನ್ನೊಂದು ದಿಕ್ಕಿಗೆ ಬಾಗಿರುತ್ತದೆ. ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬೆರಳಿನಿಂದ ಊಹಿಸುವುದನ್ನು ಕಲಿಯಲು ಎರಡು ತಿಂಗಳೂ ಹಿಡಿಯಿತು.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿ, "ನೀನು ಕೇಳ್ಲಿಲ್ಲ ತಾನೇ?" ಎಂದಳು.

"ಇಲ್ಲವ್ವ."

"ಸುಮ್ನೆ ಮಾತಿಗೂ ಅಂದಿಲ್ಲ ತಾನೇ?"

"ಇಲ್ಲ" ಎಂದೆ. ಆಗ ನನಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ.

ಆ ದಿನ ಬೆಳಿಗ್ಗೆ ಬಾಗಿಲಿಗೆ ರಜೆಯ ಹಲಗೆ ತೂಗುಹಾಕಿದೆವು. ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಹಣೆಯನ್ನು ದಿಂಬಿಗೆ ಆನಿಸಿ ಕೂತರು. ಅವರ ಉದ್ದ ಜಡೆಯನ್ನು ಜೈಬು ಮೇಲಕ್ಕೆ ಎತ್ತಿ ಕಟ್ಟಿ, ಅದರ ಕೆಳಗೆ ಅಂಗೈಯಗಲದ ಜಾಗವನ್ನು ಮಾತ್ರ ಸಣ್ಣಗೆ ಕತ್ತರಿಸಿದಳು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಳು, ಚರ್ಮ ಬಿಗಿದು ನಿಲ್ಲಲೆಂದು ಸಲೈನನ್ನೂ ತುಂಬಿದಳು. ನಾನು ಪಂಚ್ ಎತ್ತಿಕೊಂಡೆ. ಅಷ್ಟು ವರ್ಷ ನನ್ನೊಡತಿಯಾಗಿದ್ದವರ ತಲೆ ನನ್ನೆದುರು ಬಗ್ಗಿತ್ತು. ಬೆವರು ಕಣ್ಣಿಗಿಳಿಯಿತು. ಜೈಬು ಒರೆಸಿದಳು.

ಹತ್ತು ತೆಗೆದೆ. "ತಟ್ಟೆ ತೋರಿಸು" ಎಂದರು ಮೇಡಂ, ಬಗ್ಗಿದ ತಲೆಯನ್ನು ಎತ್ತದೆ. ಜೈಬು ತಟ್ಟೆಯನ್ನು ಅವರ ಮುಖದ ಕೆಳಗೆ ಹಿಡಿದಳು.

"ನಾಲ್ಕು ತುಂಡಾಗಿದೆ."

"ನಿಲ್ಲಿಸ್ತೀನಿ ಮೇಡಂ. ನಿಮ್ಮ ಕೂದಲು ಹಾಳಾಗೋದು ನನಗೆ ನೋಡಕ್ಕಾಗಲ್ಲ."

"ನಿಲ್ಲಿಸಿದ್ರೆ ಆ ನಾಲ್ಕೂ ಸುಮ್ನೆ ಹೋದ ಹಾಗೆ. ನೀನು ಒತ್ತುತಿದೀಯ. ಒತ್ತಬೇಡ, ತಿರುಗಿಸು. ಚರ್ಮ ಬಿಟ್ಟುಕೊಟ್ಟ ತಕ್ಷಣ ನಿಂತುಬಿಡು. ಕೆಳಗಿಂದು ತಾನಾಗೇ ಬರುತ್ತೆ."

ಮುಂದಿನ ಹತ್ತರಲ್ಲಿ ಎರಡು ಹೋದವು. ಅದರ ಮುಂದಿನ ಹತ್ತರಲ್ಲಿ ಒಂದು. ಐವತ್ತು ದಾಟಿದ ಮೇಲೆ ನನ್ನ ಕೈಗೆ ಅದೆಂಥದೋ ಸಮಾಧಾನ ಬಂತು. ಮೇಡಂ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು. ಜೈಬು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನನ್ನ ಕೈಯಲ್ಲಿ ಹರಿತವಾದ ಉಕ್ಕಿತ್ತು, ಅದರ ಕೆಳಗೆ ಒಬ್ಬರು ನಿದ್ದೆ ಮಾಡುತ್ತಿದ್ದರು.

ಮಧ್ಯಾಹ್ನಕ್ಕೆ ಆರುನೂರ ನಲವತ್ತು ಬೇರುಗಳಾದವು. ಮೈಕ್ರೋಸ್ಕೋಪಿನ ಮುಂದೆ ಕೂತು ಅವನ್ನು ನಾನೇ ವಿಂಗಡಿಸಿದೆ. ಬೇರೆಯವರದ್ದನ್ನು ಸಾವಿರಾರು ಸಲ ನೋಡಿದ್ದೆ. ಇವು ನನ್ನ ತಲೆಗೆ ಬರುವಂಥವು ಎನ್ನುವುದು ಕಣ್ಣಿಗೆ ಹತ್ತಿದರೂ ಮನಸ್ಸಿಗೆ ಹತ್ತಲಿಲ್ಲ. ಕೆಲವು ಬೇರುಗಳಲ್ಲಿ ಒಂದು ಕಪ್ಪು, ಒಂದು ಬಿಳಿ ಎರಡೂ ಜೊತೆಗಿದ್ದವು.

ತಲೆಯ ಹಿಂದೆ ಬ್ಯಾಂಡೇಜು ಕಟ್ಟಿಸಿಕೊಂಡು, ಒಂದು ಲೋಟ ಕಾಫಿ ಕುಡಿದು ಮೇಡಂ ಎದ್ದರು. ಈಗ ಕುರ್ಚಿಯಲ್ಲಿ ನಾನು. ವಸ್ತ್ರ ಬಿಚ್ಚುವಾಗ ಗಂಟು ಬರಲಿಲ್ಲ, ಅವರೇ ಬಿಚ್ಚಿದರು. ಇಷ್ಟು ವರ್ಷದಲ್ಲಿ ಅವರು ಆ ಕಲೆಯನ್ನು ನೋಡಿದ್ದು ಅದೇ ಮೊದಲು. ಬೆರಳಿನಿಂದ ಚರ್ಮವನ್ನು ಹಿಂಡಿ ನೋಡಿ, "ಸುಟ್ಟ ಕಡೆ ರಕ್ತ ಓಡಾಡೋದು ಕಡಿಮೆ. ಒತ್ತೊತ್ತಾಗಿ ನೆಟ್ಟರೆ ಎಲ್ಲ ಉಪವಾಸ ಬೀಳ್ತವೆ. ಬಿಡಿಬಿಡಿಯಾಗಿ ಇಡ್ತೀನಿ. ನಿನ್ನ ಕೂದಲನ್ನ ಈ ಕಡೆ ಬಾಚಿಕೊಂಡ್ರೆ ಗೊತ್ತಾಗಲ್ಲ" ಎಂದರು.

ನಿನ್ನ ಕೂದಲು ಎಂದರು. ಮರಗಟ್ಟಿದ ತಲೆಯಲ್ಲಿ ಅವರು ಸೂಜಿಯಂಥ ಅಲಗಿನಿಂದ ಒಂದೊಂದೇ ಸೀಳು ಮಾಡುವ ಸದ್ದು ಮಾತ್ರ ಕೇಳುತ್ತಿತ್ತು, ಗಟ್ಟಿ ಪೇರಲೆಯನ್ನು ಚುಚ್ಚಿದ ಹಾಗೆ. ಪ್ರತಿಯೊಂದು ಸೀಳನ್ನೂ ಪಕ್ಕದ ಕೂದಲು ಬಾಗಿದ ಕಡೆಗೇ ಓರೆಯಾಗಿ ಮಾಡಬೇಕು. ನೆಟ್ಟಗೆ ಮಾಡಿದರೆ ಕೂದಲು ಪೊರಕೆಯ ಹಾಗೆ ನಿಲ್ಲುತ್ತದೆ. ಆಮೇಲೆ ಜೈಬು ಒಂದೊಂದೇ ಬೇರನ್ನು ಚಿಮುಟದ ತುದಿಗೆ ಕೊಡುತ್ತ ಹೋದಳು, ಮೇಡಂ ಇಳಿಸುತ್ತ ಹೋದರು. ನಡುವೆ ಎರಡು ಸಲ ಎದ್ದು ಗೋಡೆಗೆ ಕೈಕೊಟ್ಟು ನಿಂತರು. ಅವರ ನೋವಿನ ಮದ್ದು ಇಳಿಯತೊಡಗಿತ್ತು. ನಾಳೆ ಮುಗಿಸೋಣ ಎಂದು ಜೈಬು ಅಂದದ್ದಕ್ಕೆ, "ಬೇರು ನಾಳೆವರೆಗೂ ಕಾಯಲ್ಲಮ್ಮಾ" ಎಂದು ಮತ್ತೆ ಕೂತರು.

ಹತ್ತು ದಿನಕ್ಕೆ ಹಕ್ಕಳೆಗಳು ಬಿದ್ದವು. ಒಂದು ತಿಂಗಳಿಗೆ ನೆಟ್ಟ ಕೂದಲೆಲ್ಲ ಉದುರಿತು. ಇದು ಎಲ್ಲರಿಗೂ ಆಗುವುದೇ; ಬೇರು ಒಳಗೆ ನಿದ್ದೆ ಹೋಗುತ್ತದೆ, ನಾಲ್ಕನೇ ತಿಂಗಳಿಗೆ ಏಳುತ್ತದೆ. ಸಾವಿರ ಜನರಿಗೆ ನಾನೇ ಈ ಮಾತು ಹೇಳಿ ಕಳಿಸಿದ್ದೆ. ನನ್ನ ದಿಂಬಿನ ಮೇಲೆ ಬಿದ್ದದ್ದನ್ನು ನೋಡಿದಾಗ ಅದೊಂದೂ ಉಪಯೋಗಕ್ಕೆ ಬರಲಿಲ್ಲ.

ಮೂರನೇ ತಿಂಗಳಲ್ಲಿ, ಆಸ್ಪತ್ರೆಯ ಚಿಮುಟಗಳನ್ನು ಕುದಿಸುತ್ತ ನಿಂತಿದ್ದಾಗ, ಇದ್ದಕ್ಕಿದ್ದಂತೆ ಆ ನೆನಪು ಬಂತು. ಎಂಟು ವರ್ಷದ ಹಿಂದೆ ಒಮ್ಮೆ ನನಗೆ ಜ್ವರ ಬಂದಾಗ ಮೇಡಂ ಮನೆಗೆ ಬಂದು ನೋಡಿದ್ದರು. ಜ್ವರದ ಮಂಪರಿನಲ್ಲಿ ನಾನು ಅವರ ಜಡೆ ನೋಡುತ್ತ, "ನಿಮ್ಮ ಹಂಗೆ ಒಂದು ದಿನ ಜಡೆ ಹಾಕ್ಕೋಬೇಕು ಮೇಡಂ" ಎಂದಿದ್ದೆ. ಅಷ್ಟೇ. ಪುಟ್ಟರುದ್ರಯ್ಯ ಮೇಷ್ಟ್ರು ಬಿಸಿಲಿನ ಮಾತಷ್ಟೇ ಆಡಿದ್ದರು. ನಾನು ಜಡೆಯ ಮಾತನ್ನೇ ಆಡಿದ್ದೆ.

ಒಲೆ ಆರಿಸಿ ನೆಟ್ಟಗೆ ಅವರ ಕೋಣೆಗೆ ಹೋದೆ. "ಮೇಡಂ, ನಾನು ನಿಮಗೆ ಮೋಸ ಮಾಡ್ಬಿಟ್ಟೆ" ಎಂದು ಶುರುಮಾಡಿ ಎಲ್ಲ ಹೇಳಿದೆ. ಅಷ್ಟೂ ಬೇರುಗಳು ವ್ಯರ್ಥವಾದವಲ್ಲ ಎಂದು ಅತ್ತೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ನೆನಪಿದೆ" ಎಂದರು.

"ನೆನಪಿದ್ದೂ ಕೊಟ್ರಾ?"

"ಆವತ್ತೇ ಕೊಡಬೇಕು ಅನ್ನಿಸ್ತು. ಕೊಡಲಿಲ್ಲ. ಕೊಟ್ರೆ ಕೇಳಿದ್ದಕ್ಕೆ ಕೊಟ್ಟ ಹಾಗಾಗುತ್ತೆ, ಹಿಡಿಯಲ್ಲ. ನಿನ್ನ ಮಾತು ಮರೆತುಹೋಗಲಿ ಅಂತ ಕಾದೆ. ಒಂದು ವರ್ಷ, ಎರಡು ವರ್ಷ. ನೀನು ದಿನಾ ಎದುರಿಗೇ ಇರ್ತಿದ್ದೆ, ಹೇಗೆ ಮರೀಲಿ?"

"ಮತ್ತೆ?"

"ಆ ಗುರುವಾರ ಮೊಸರನ್ನ ಕಲಸ್ತಾ ಇದ್ದಾಗ ಸುಮ್ನೆ ಬಾಯಿಗೆ ಬಂತು, ಹೇಳ್ಬಿಟ್ಟೆ. ಹೇಳಿ ಕೈ ತೊಳೆಯೋಕೆ ಹೋದಾಗ ನಲ್ಲಿ ಮುಂದೆ ನಿನ್ನ ಜ್ವರದ ಮಾತು ನೆನಪಾಯ್ತು. ಹೇಳೋ ಮೊದಲು ನೆನಪಾಗಿರಲಿಲ್ಲ ಕಣೇ. ಅದಕ್ಕೇ ಧೈರ್ಯ ಬಂತು." ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಹಿಡಿಯುತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಹಿಡೀದೇ ಇದ್ರೂ ನನಗೆ ಬೇಜಾರಿಲ್ಲ. ನಿನಗೊಂದು ಕೆಲಸ ಬಂತಲ್ಲ" ಎಂದರು. ಆಮೇಲೆ ನನಗೆ ಮುಖ ತೊಳೆದುಕೊಂಡು ಬರಲು ಹೇಳಿ ಹೊರಗಿದ್ದವರನ್ನು ಕರೆದರು.

ನಾಲ್ಕನೇ ತಿಂಗಳು ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಬಿಸಿಲಿಗೆ ಕೂತು ತಲೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದೆ. ಕಲೆಯ ಮೇಲೆ ಬೆರಳಿಗೆ ಏನೋ ತರಿತರಿಯಾಗಿ ಹತ್ತಿತು. ಮರಳಿನ ಕಣವೆಂದುಕೊಂಡು ಒರೆಸಿದೆ. ಹೋಗಲಿಲ್ಲ. ಆ ಕಡೆ ಈ ಕಡೆ ಮುಟ್ಟಿದೆ. ಅಲ್ಲೂ ಇತ್ತು, ಇಲ್ಲೂ ಇತ್ತು. "ಅವ್ವಾ" ಎಂದು ಕೂಗಿದೆ. ನನ್ನ ಕೂಗಿಗೆ ಅವಳು ಹಾವು ಬಂತೆಂದುಕೊಂಡು ಕೋಲು ಹಿಡಿದೇ ಓಡಿಬಂದಳು.

ಅವಳ ಕಣ್ಣಿಗೆ ಪೊರೆ ಬಂದಿತ್ತು. ನೋಡಲಿಲ್ಲ, ತುಟಿಯನ್ನೇ ನನ್ನ ತಲೆಗೆ ತಂದು ಮುಟ್ಟಿಸಿ ನೋಡಿದಳು. ನೆಲದ ಮೇಲೆ ಕೂತು ಜೋರಾಗಿ ಅಳತೊಡಗಿದಳು. ಇದು ಸಂತೋಷದ ಅಳು ಎಂದುಕೊಂಡೆ. ಪೂರ್ತಿ ಹಾಗಿರಲಿಲ್ಲ.

"ಆವತ್ತು ನೀನು ಕೇಳಿದ್ದಕ್ಕಲ್ಲ ಕಣೇ ಹಿಡೀದೆ ಇದ್ದಿದ್ದು" ಎಂದಳು. "ನನ್ನಿಂದ್ಲೇ. ಡಾಕ್ಟ್ರು ಕೊಯ್ಯೋಕೆ ಬಂದಾಗ ಒಂದು ಗಳಿಗೆ ಅಯ್ಯೋ ನನ್ ಕೂದ್ಲು ಅಂದ್ಕಂಡ್ಬಿಟ್ಟೆ. ಮಗಳಿಗೆ ಕೊಡೋವಾಗ ಹಂಗನ್ಕೋಬಹುದಾ? ಯಾರಿಗೂ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ."

ಮೂವತ್ತೊಂದು ವರ್ಷ ನಾನು ನನ್ನದೆಂದುಕೊಂಡ ತಪ್ಪನ್ನು ಅವಳೂ ತನ್ನದೆಂದು ಹೊತ್ತುಕೊಂಡಿದ್ದಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ. "ಇಪ್ಪತ್ತೆಂಟು ವರ್ಷದ ಹೆಂಗ್ಸು ಹಂಗಂದ್ಕಂಡ್ರೆ ಏನಾಯ್ತವ್ವ? ನಾನಿದ್ರೂ ಅಂದ್ಕತಿದ್ದೆ" ಎಂದೆ. ಯಾರದು ತಪ್ಪು ಎಂದು ತೀರ್ಮಾನಿಸುವವರು ಅಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಬಿಸಿಲೇರುವವರೆಗೆ ಹಿತ್ತಿಲಲ್ಲೇ ಕೂತೆವು. ಅವಳು ಆಗಾಗ ಕೈ ಚಾಚಿ ನನ್ನ ತಲೆಯ ಮೊಳಕೆಗಳನ್ನು ಸವರುತ್ತಿದ್ದಳು.

ನೆಟ್ಟದ್ದರಲ್ಲಿ ನಾನೂರಕ್ಕಿಂತ ಸ್ವಲ್ಪ ಹೆಚ್ಚು ಎದ್ದವು. ಸುಟ್ಟ ಚರ್ಮದಲ್ಲಿ ಅಷ್ಟು ಬಂದದ್ದೇ ದೊಡ್ಡದು ಎಂದರು ಮೇಡಂ. ವರ್ಷ ತುಂಬುವ ಹೊತ್ತಿಗೆ ಅವು ಬೆರಳುದ್ದ ಬೆಳೆದಿದ್ದವು, ಅವರದರಂತೆಯೇ ಸ್ವಲ್ಪ ಗುಂಗುರಾಗಿ, ಅಲ್ಲೊಂದು ಇಲ್ಲೊಂದು ಬಿಳಿಯಾಗಿ. ನನ್ನ ನೆಟ್ಟಗಿನ ಕೂದಲಿನ ನಡುವೆ ಅವು ಬೇರೆಯಾಗಿಯೇ ಕಾಣುತ್ತವೆ. ಕಂಡರೆ ಕಾಣಲಿ ಎಂದು ವಸ್ತ್ರ ಕಟ್ಟುವುದನ್ನು ಬಿಟ್ಟೆ. ಈಗ ವಾರಕ್ಕೆ ಮೂರು ದಿನ ಪಂಚ್ ಹಿಡಿಯುವುದು ನಾನೇ. ಮೂಲೆಯ ಮೈಕ್ರೋಸ್ಕೋಪಿನ ಮುಂದೆ ಜೈಬುವಿನ ತಂಗಿ ಕೂರುತ್ತಾಳೆ. ಕೊಡುವವರು ನನ್ನ ತಲೆ ನೋಡಿ ಯಾರದ್ದೆಂದು ವಿಚಾರಿಸುತ್ತಾರೆ. ಹೇಳುತ್ತೇನೆ.

ಮೇಡಂ ಅವರಿಗೆ ಹೇಗೆ ಧನ್ಯವಾದ ಹೇಳುವುದೆಂದು ನನಗೆ ತಿಳಿಯಲೇ ಇಲ್ಲ. ಒಂದು ಸೀರೆ ಒಯ್ದರೆ ಜೈಬುವಿಗೆ ಕೊಟ್ಟರು. ಮಾತು ತೆಗೆದರೆ, "ಆ ಪಂಚ್ ತೊಳೆದಿಟ್ಟೆಯಾ?" ಎನ್ನುತ್ತಿದ್ದರು.

ಅವ್ವ ಆ ಚರ್ಮದ ಪಟ್ಟಿ ಕೊಯ್ಯಿಸಿಕೊಂಡ ಮೇಲೆ ನಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಒಂದು ದಿನ ನನ್ನ ಹಿಂದೆಯೇ ನಡೆದುಬಂದಳು. ಮೇಡಂ ಮೇಜಿನ ಮುಂದೆ ಏನೋ ಬರೆಯುತ್ತ ಕೂತಿದ್ದರು. ನಮಸ್ಕಾರ ಮಾಡುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ನಾನು ತಡೆಯಲು ಸಿದ್ಧಳಾದೆ. ಅವಳು ಅದೇನೂ ಮಾಡದೆ ಕುರ್ಚಿಯ ಹಿಂದಕ್ಕೆ ಹೋದಳು. ಮೇಡಂ ಅವರ ಜಡೆಯನ್ನು ಒಂದು ಕೈಯಲ್ಲಿ ಎತ್ತಿದಳು. ಅದರ ಕೆಳಗೆ ಕೂದಲು ತೆಳುವಾಗಿತ್ತು. ನಾನು ತೆಗೆದ ಒಂದೊಂದು ಬೇರಿನ ಜಾಗದಲ್ಲೂ ಒಂದೊಂದು ಬಿಳಿ ಚುಕ್ಕಿ, ಉಪ್ಪು ಚೆಲ್ಲಿದ ಹಾಗೆ. ಹೊಸದಾಗಿ ಬಂದ ಕಣ್ಣಿನಿಂದ ಅವ್ವ ಅದನ್ನೆಲ್ಲ ನೋಡಿದಳು. ಇನ್ನೊಂದು ಕೈಯ ಅಂಗೈಯನ್ನು ಅದರ ಮೇಲಿಟ್ಟು ಮುಚ್ಚಿದಳು.

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಪೆನ್ನು ಕೆಳಗಿಟ್ಟರು. ಬಾಗಿಲಿಗೆ ಬಂದ ಜೈಬು ಮುಂದಿನವರನ್ನು ಒಳಗೆ ಕರೆಯದೆ ಹಿಂದಕ್ಕೆ ಸರಿದಳು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಕೈ ತೆಗೆಯಲು ಹೋದಾಗ ಮೇಡಂ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಇನ್ನೊಂಚೂರು ಹೊತ್ತು ಇರಲಿ ಅವ್ವಾ. ಬೆಚ್ಚಗಿದೆ."